ಬಿಸಿಲೂರಿಗೆ ಒಪ್ಪುವ ಕಣಗಿಲೆ

ಬಾಗಲಕೋಟೆ ಜಿಲ್ಲೆಯ ಸರಾಸರಿ ಮಳೆ ವರ್ಷಕ್ಕೆ 600 ಮಿ.ಮೀ. ಒಳಗೇ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಚಳಿಗಾಲದಲ್ಲಿ ಆಸೆಪಟ್ಟು ತಂದ ಗುಲಾಬಿ ಮೇ ಹೊತ್ತಿಗೆ ಒಣಗಿ ಕಡ್ಡಿಯಾಗುತ್ತದೆ. ಗುಡಿಯ ಹಿಂದೆ ಯಾರೂ ನೀರು ಹಾಕದ ಕಣಗಿಲೆ ಮಾತ್ರ ಗೊಂಚಲು ಗೊಂಚಲಾಗಿ ಅರಳಿರುತ್ತದೆ. ಆದರೂ ಮನೆ ಮುಂದೆ ಹಚ್ಚಲು ನಾವು ಹುಡುಕುವುದು ಗುಲಾಬಿಯನ್ನೇ!

ಈ ಗಿಡದ ಗಟ್ಟಿತನದ ಗುಟ್ಟು ಎಲೆಯಲ್ಲಿದೆ. ಗೆಣ್ಣಿಗೆ ಮೂರರಂತೆ ಬರುವ ಉದ್ದನೆಯ ಎಲೆಗಳ ಮೇಲ್ಮೈ ದಪ್ಪ, ಮೇಣ ಸವರಿದ ಹಾಗೆ. ಕೆಳಮೈಯಲ್ಲಿ ಸಣ್ಣ ಸಣ್ಣ ಕುಳಿಗಳು, ಕುಳಿಯೊಳಗೆ ನವುರಾದ ರೋಮ. ಉಸಿರಾಡುವ ರಂಧ್ರಗಳು ಆ ರೋಮದ ಮರೆಯಲ್ಲಿರುವುದರಿಂದ ಒಣಗಾಳಿಗೆ ನೀರು ಸುಲಭವಾಗಿ ಆರಿಹೋಗುವುದಿಲ್ಲ. ದನ ಮೇಯುವುದಿಲ್ಲ, ಆರೈಕೆ ಹೆಚ್ಚು ಬೇಕಿಲ್ಲ, ಎದುರು ವಾಹನದ ದೀಪದ ಬೆಳಕನ್ನೂ ತಡೆಯುತ್ತದೆ. ಹೆದ್ದಾರಿಗಳ ನಡುವಿನ ವಿಭಜಕಗಳಲ್ಲಿ ಇದನ್ನೇ ಸಾಲು ಹಿಡಿದು ನೆಡುವುದು ಅದಕ್ಕೇ.

ಶಿವಪೂಜೆಗಂತೂ ಕಣಗಿಲೆ ಬೇಕೇ ಬೇಕು. ಹುನಗುಂದ ಸೀಮೆಯ ಕೂಡಲಸಂಗಮ, ಬಾದಾಮಿ ಸಮೀಪದ ಮಹಾಕೂಟದಂಥ ಶಿವಕ್ಷೇತ್ರಗಳಿರುವ ಈ ನೆಲದಲ್ಲಿ ಶ್ರಾವಣ ಸೋಮವಾರದ ಬುಟ್ಟಿಗೆ ಇದಕ್ಕಿಂತ ಸುಲಭವಾಗಿ ಸಿಗುವ ಹೂ ಕಡಿಮೆ. ಬಿಳಿ, ಕೆಂಪು, ಗುಲಾಬಿ ಬಣ್ಣಗಳಿವೆ. ಐದೆಸಳಿನ ಹೂ ಬಾಡಿದ ಮೇಲೆ ತಾನೇ ಉದುರುತ್ತದೆ. ಸುತ್ತೆಸಳಿನ ಹೂ ನೋಡಲು ತುಂಬಿಕೊಂಡಿದ್ದರೂ ಒಣಗಿ ಗಿಡದಲ್ಲೇ ಜೋತುಬಿದ್ದಿರುತ್ತದೆ. ನನ್ನ ಓಟು ಐದೆಸಳಿನ ಬಿಳಿ ಕಣಗಿಲೆಗೆ. ಗಂಟೆಯಂಥ ಹೂವಿನ ಹಳದಿ ಕಣಗಿಲೆ ಬೇರೆಯೇ ಗಿಡ, ಅಮೆರಿಕದ ಉಷ್ಣವಲಯದಿಂದ ಬಂದದ್ದು.

ಬೆಳೆಸಲು ಬೀಜ ಬೇಡ, ಟೊಂಗೆ ಸಾಕು. ಮುಂಗಾರು ಹಿಡಿದ ಮೇಲೆ ಪೆನ್ಸಿಲ್ ದಪ್ಪದ, ಗೇಣುದ್ದದ ಬಲಿತ ಟೊಂಗೆಯನ್ನು ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ. ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ. ನಾಲ್ಕಾರು ವಾರದಲ್ಲಿ ಬೇರು ಬಿಡುತ್ತದೆ. ನೀರು ತುಂಬಿದ ಬಾಟಲಿಯಲ್ಲಿಟ್ಟರೂ ಬೇರು ಬರುತ್ತದೆ. ಬಾದಾಮಿ ಕಡೆಯ ಉಸುಕು ಮಿಶ್ರಿತ ಕೆಂಪು ಮಣ್ಣಿನಲ್ಲಿ ಮುಂದಿನ ಕೆಲಸ ಸಲೀಸು. ಹುನಗುಂದದ ಎರೆ ಭೂಮಿಯಲ್ಲಿ ಮಾತ್ರ ಜೋಪಾನ: ಮಳೆಗಾಲದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಒಂದೂವರೆ ಅಡಿ ಗುಂಡಿಗೆ ಗರಸು, ಕೊಳೆತ ತಿಪ್ಪೆಗೊಬ್ಬರ ಬೆರೆಸಿ, ಬುಡವನ್ನು ಸ್ವಲ್ಪ ಏರಿಸಿ ನೆಡಬೇಕು. ಬೇಲಿ ಸಾಲಿಗಾದರೆ ಗಿಡದಿಂದ ಗಿಡಕ್ಕೆ ನಾಲ್ಕೈದು ಅಡಿ ಇರಲಿ.

ಮೊದಲ ವರ್ಷ ನೀರು ತಪ್ಪಿಸಬೇಡಿ. ಆಮೇಲೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಕೊಟ್ಟರೂ ನಡೆದೀತು. ನೆರಳಿನಲ್ಲಿ ಹಚ್ಚಿದರೆ ಬರೀ ಎಲೆ. ಯೂರಿಯಾ ಸುರಿದರೂ ಅಷ್ಟೇ. ಹೂ ಬರುವುದು ಹೊಸ ಚಿಗುರಿನ ತುದಿಗೆ. ಅದಕ್ಕೇ ಮುಖ್ಯ ಹೂಗಾಲ ಮುಗಿದ ಮೇಲೆ ಟೊಂಗೆಗಳನ್ನು ಮೂರರಲ್ಲೊಂದು ಪಾಲು ಕತ್ತರಿಸಿದರೆ ಗಿಡ ಕವಲೊಡೆದು ಮೈತುಂಬ ಅರಳುತ್ತದೆ. ಎಳೆ ಚಿಗುರಿಗೆ ಹಳದಿ ಹೇನು ಮುತ್ತಿದರೆ ನೀರನ್ನು ರಭಸವಾಗಿ ಹೊಡೆಯಿರಿ, ಇಲ್ಲವೇ ಬೇವಿನೆಣ್ಣೆಗೆ ಚೂರು ಸಾಬೂನು ಕಲಸಿ ಸಿಂಪಡಿಸಿ. ಎಲೆಯಡಿ ಬೆಳ್ಳಿಯಂತೆ ಹೊಳೆಯುವ ಪುಟ್ಟ ಲೋಲಾಕು ನೇತಾಡುತ್ತಿದ್ದರೆ ಕೀಳಬೇಡಿ, ಅದು ಕಂದು-ಕಪ್ಪು ಬಣ್ಣದ ಕ್ರೋ ಚಿಟ್ಟೆಯ ಕೋಶ. ಗಿಡದ ವಿಷ ಅದರ ಮರಿಹುಳಕ್ಕೆ ತಾಗುವುದಿಲ್ಲ.

ನಮಗೆ, ದನಕರುಗಳಿಗೆ ತಾಗುತ್ತದೆ. ಬೇರಿನಿಂದ ಹೂವಿನವರೆಗೆ ಇಡೀ ಗಿಡ ವಿಷ; ಅದರಲ್ಲಿರುವ ಓಲಿಯಾಂಡ್ರಿನ್ ನೇರ ಹೃದಯದ ಬಡಿತವನ್ನೇ ಕೆಡಿಸುತ್ತದೆ. ಒಣಗಿದ ಎಲೆಯಲ್ಲೂ ವಿಷ ಹೋಗಿರುವುದಿಲ್ಲ. ಹಸಿ ಎಲೆ ಮುಟ್ಟದ ದನ, ಮೇವಿನಲ್ಲಿ ಒಣ ಎಲೆ ಬೆರೆತರೆ ತಿಂದುಬಿಡಬಹುದು. ಕತ್ತರಿಸಿದ ಟೊಂಗೆಯನ್ನು ಕೊಟ್ಟಿಗೆ ಹತ್ತಿರ ಎಸೆಯಬೇಡಿ, ಒಲೆಗೆ ಹಾಕಬೇಡಿ, ಹೊಗೆಯೂ ಕೆಟ್ಟದ್ದು. ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಯಾರಾದರೂ ತಿಂದದ್ದು ಗೊತ್ತಾದರೆ ಮನೆಮದ್ದಿಗೆ ಹೊತ್ತು ಕಳೆಯದೆ ಆಸ್ಪತ್ರೆಗೆ ಒಯ್ಯಬೇಕು.

ಅನುಮಾನವಿದ್ದವರು ಕೇಳಿ ತಿಳಿಯಲು 2008ರಲ್ಲಿ ಶುರುವಾದ ತೋಟಗಾರಿಕಾ ವಿಶ್ವವಿದ್ಯಾಲಯ ಬಾಗಲಕೋಟೆಯಲ್ಲೇ ಇದೆ. ಪುಷ್ಪಕೃಷಿಗೆಂದೇ ಅಲ್ಲಿ ವಿಭಾಗವಿದೆ. ಅಂಬೆಗಾಲಿಡುವ ಮಗುವಿರುವ ಮನೆಗೆ, ಅಂಗಳದಲ್ಲಿ ದನ ಕಟ್ಟುವವರಿಗೆ ದಾಸವಾಳವೇ ಲೇಸು. ಉಳಿದವರು ಈ ಮಳೆಗಾಲದಲ್ಲಿ ಕಾಂಪೌಂಡಿನ ಬಿಸಿಲು ಬೀಳುವ ಮೂಲೆಗೆ ಒಂದು ಟೊಂಗೆ ಊರಿ ನೋಡಿ.