ಮುಖಪುಟದ ಚಿತ್ರವೂ ಶಾಸನದ ಶಿರೋಭಾಗವೂ

ಕಾವ್ಯಾರಂಭವು ಆಶೀರ್ವಾದ, ನಮಸ್ಕಾರ, ವಸ್ತುನಿರ್ದೇಶಗಳೆಂಬ ಮೂರು ಬಗೆಗಳಲ್ಲಿ ಆಗಬಹುದೆಂದು ಆಲಂಕಾರಿಕರು ಹೇಳಿರುವರು. ಶಾಸ್ತ್ರಗ್ರಂಥವಾದರೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ಮೊದಲೇ ತಿಳಿಸತಕ್ಕದ್ದು. ನಿಯತಕಾಲಿಕ ಪತ್ರಿಕೆಯ ಮುಖಪುಟವು ಮಾಡುವ ಕಾರ್ಯವೂ ಇಂಥದೇ. ಒಳಗೆ ಏನಿದೆ, ಅದು ಯಾರಿಗಾಗಿ ಇದೆ, ಆದರಣೀಯವಾದುದು ಯಾವುದು, ನಿಂದ್ಯವಾದುದು ಯಾವುದು ಎಂಬುದನ್ನು ಅದು ಒಂದೇ ನೋಟಕ್ಕೆ ಸೂಚಿಸುವುದು. ಆದುದರಿಂದ ಮುಖಪುಟವನ್ನು ಬರಿಯ ಅಲಂಕಾರವೆಂದೆಣಿಸದೆ ವಾಙ್ಮಯದ ಒಂದು ಅಂಗವೆಂದು ಪರಿಶೀಲಿಸುವುದು ಉಚಿತವಾಗಿದೆ.

ಈ ಪದ್ಧತಿಯು ಮುದ್ರಣಯಂತ್ರದೊಡನೆ ನಮ್ಮಲ್ಲಿಗೆ ಬಂದುದೆಂದು ಹಲವರು ಭಾವಿಸುವರು. ಬಾದಾಮಿ, ಹುನಗುಂದಗಳ ಸೀಮೆಯಲ್ಲಿ ಸಂಚರಿಸಿದವರಿಗೆ ಹಾಗೆ ತೋರಲಾರದು. ಬಾದಾಮಿಯ ಚಾಲುಕ್ಯರ ತಾಮ್ರಪಟಗಳ ಮುದ್ರೆಯಲ್ಲಿ ವರಾಹಲಾಂಛನವಿರುವುದು. ಶಕ ೫೦೦ರ (ಕ್ರಿ. ಶ. ೫೭೮) ಶಾಸನವುಳ್ಳ ಬಾದಾಮಿಯ ಮೂರನೆಯ ಗುಹೆಯಲ್ಲಿ ಅದೇ ವರಾಹನು ಭೂದೇವಿಯನ್ನೆತ್ತಿ ನಿಂತಿರುವನು. ಭೂಮಿಯ ಉದ್ಧಾರವೇ ಅರಸನ ಧರ್ಮವೆಂಬ ಭಾವವು, ಪಟದ ಒಂದಕ್ಷರವನ್ನೂ ಓದುವ ಮೊದಲೇ ಮುದ್ರೆಯಿಂದ ಹೊರಡುವುದು.

ಕಲ್ಯಾಣದ ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಈ ಕ್ರಮವು ಇನ್ನೂ ಸ್ಪಷ್ಟವಾಗಿದೆ. ಶಿಲೆಯ ಶಿರೋಭಾಗದಲ್ಲಿ ಲಿಂಗ, ಹಸು, ಕರು, ಸೂರ್ಯ, ಚಂದ್ರ, ಕೆಲವೆಡೆ ಖಡ್ಗ. ಜೈನ ಶಾಸನವಾದರೆ ಜಿನಬಿಂಬ. ಸೂರ್ಯಚಂದ್ರರಿರುವವರೆಗೆ ದಾನವು ನಡೆಯಲಿ ಎಂಬುದನ್ನು ಅಕ್ಷರವರಿಯದ ಒಕ್ಕಲಿಗನೂ ನೋಡಿ ತಿಳಿಯುತ್ತಿದ್ದನು. ವೀರಗಲ್ಲಿನಲ್ಲಿ ಸಾಮಾನ್ಯವಾಗಿ ಮೂರು ನೆಲೆಗಳು: ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ಊರ್ಧ್ವಗಮನ, ಮೇಲೆ ದೇವಸಾನ್ನಿಧ್ಯ. ತುರುಗಳಿಗಾಗಿ ಮಡಿದವನನ್ನು ಊರು ಎಷ್ಟು ಗೌರವಿಸುತ್ತಿತ್ತೆಂಬುದನ್ನು ಅದರ ಬರೆಹಕ್ಕಿಂತ ಚಿತ್ರವೇ ಹೆಚ್ಚಾಗಿ ಹೇಳುವುದು. ಹಾಗೆಯೇ ಬಳೆಗಳುಳ್ಳ ತೋಳನ್ನು ಎತ್ತಿ ತೋರಿಸುವ ಮಹಾಸತಿಕಲ್ಲನ್ನೂ ನೋಡಬೇಕು. ಅಂದಿನವರು ಪೂಜ್ಯವೆಂದು ಕಂಡುದು ಇಂದು ನಮಗೆ ಶೋಕವನ್ನುಂಟುಮಾಡುವುದು. ಚಿತ್ರವು ಸಾರುವುದು ತನ್ನ ಕಾಲದ ಮೌಲ್ಯವನ್ನೇ ಹೊರತು ಸನಾತನ ಸತ್ಯವನ್ನಲ್ಲವೆಂಬುದಕ್ಕೆ ಇದೇ ನಿದರ್ಶನ.

ಇಲಕಲ್ಲಿನ ಸೀರೆಯಿಂದ ಮತ್ತೊಂದು ಅಂಶವು ವಿಶದವಾಗುವುದು. ಒಡಲಿನ ಬಣ್ಣವು ಯಾವುದೇ ಇರಲಿ, ಕೆಂಪು ಸೆರಗಿನ ಮೇಲಿನ ಬಿಳಿಯ ತೆನೆಗಳನ್ನು ಕಂಡೊಡನೆ ಅದು ಇಲಕಲ್ಲಿನದೆಂದು ಹೆಂಗಳೆಯರು ಗುರುತಿಸುವರು. ಮುಖಪುಟದಲ್ಲಿಯೂ ಪತ್ರಿಕೆಯ ಹೆಸರು, ಅಕ್ಷರಗಳ ಬೆಡಗು, ಲಾಂಛನ ಇವು ಸೆರಗಿನಂತೆ ಸ್ಥಿರ. ಸಂಚಿಕೆಯ ಚಿತ್ರವು ಒಡಲಿನಂತೆ ಬದಲಾಗತಕ್ಕದ್ದು. ಮೊದಲನೆಯದು ಪತ್ರಿಕೆಯ ಸ್ವಭಾವವನ್ನೂ ಎರಡನೆಯದು ಕಾಲದ ಪ್ರಶ್ನೆಯನ್ನೂ ಹೇಳುವುದು.

ಇನ್ನು ಈಚಿನ ಉದಾಹರಣೆಗಳು. ೧೯೪೩ನೆಯ ಮೇ ೨೯ರ ಅಮೆರಿಕದ 'ಸ್ಯಾಟರ್ಡೇ ಈವ್ನಿಂಗ್ ಪೋಸ್ಟ್' ಪತ್ರಿಕೆಯ ಮುಖಪುಟದಲ್ಲಿ ನಾರ್ಮನ್ ರಾಕ್‌ವೆಲ್ಲನು ಕಾರ್ಖಾನೆಯ ಓರ್ವ ಸ್ತ್ರೀಯನ್ನು ಚಿತ್ರಿಸಿದನು. ತೊಡೆಯ ಮೇಲೆ ಯಂತ್ರ, ಕೈಯಲ್ಲಿ ಬುತ್ತಿ, ಕಾಲಡಿಯಲ್ಲಿ ಹಿಟ್ಲರನ ಗ್ರಂಥ. ಕುಳಿತ ಭಂಗಿಯು ಮೈಕೆಲ್ ಆಂಜೆಲೊ ಬರೆದ ಯೆಶಾಯ ಪ್ರವಾದಿಯದು. ವಾಚ್ಯಾರ್ಥವು ಊಟದ ಬಿಡುವು. ವ್ಯಂಗ್ಯಾರ್ಥವು ಸ್ತ್ರೀಶ್ರಮದ ಮಹಿಮೆ. ಪ್ರವಾದಿಗೆ ಸಲ್ಲುತ್ತಿದ್ದ ಆಸನವು ಕೂಲಿಯ ಹೆಣ್ಣಿಗೆ ಸಂದಿತೆಂಬುದೇ ಇಲ್ಲಿಯ ಧ್ವನಿ. ಕನ್ನಡದಲ್ಲಿ ಡಾ. ಎಂ. ಶಿವರಾಂ ಅವರು ೧೯೪೨ರಲ್ಲಿ ಆರಂಭಿಸಿದ 'ಕೊರವಂಜಿ'ಯ ಹೆಸರೇ ಒಂದು ಚಿತ್ರ. ಅರಮನೆಯೆನ್ನದೆ ಗುಡಿಸಲೆನ್ನದೆ ಎಲ್ಲೆಡೆ ಹೊಕ್ಕು ಕಣಿ ಹೇಳುವವಳು ಕೊರವಂಜಿ. ಸಮಾಜದ ಕೈಹಿಡಿದು ನಗುನಗುತ್ತಲೇ ದೋಷವನ್ನು ನುಡಿವೆನೆಂಬ ಪ್ರತಿಜ್ಞೆಯು ಆ ಹೆಸರಿನಲ್ಲಿಯೇ ಅಡಗಿದೆ. ಆರ್. ಕೆ. ಲಕ್ಷ್ಮಣರ ರೇಖೆಗಳು ಆ ಪ್ರತಿಜ್ಞೆಗೆ ಆಕಾರವನ್ನು ಕೊಟ್ಟವು.

ಆದರೆ ಚಿತ್ರವನ್ನು ಕಂಡೊಡನೆ ಅರ್ಥವನ್ನು ನಿಶ್ಚಯಿಸಲಾಗದು. ಮುಖಪುಟವು ಕೊಳ್ಳುವವರನ್ನು ಸೆಳೆಯುವ ಸಾಧನವೂ ಹೌದು. ಒಳಗೆ ಸ್ತ್ರೀವಿದ್ಯಾಭ್ಯಾಸದ ಪ್ರಬಂಧ, ಹೊರಗೆ ಆಭರಣಭೂಷಿತೆಯಾದ ಮೌನಪ್ರತಿಮೆ ಇರುವುದುಂಟು. ಇಂಥಲ್ಲಿ ಆ ವಿರೋಧವೇ ವಿಚಾರಯೋಗ್ಯವಾದ ವಿಷಯ. ಶಬ್ದಾರ್ಥದ ಸಂದೇಹವನ್ನು ಪ್ರಕರಣ, ದೇಶ, ಕಾಲಗಳಿಂದ ಪರಿಹರಿಸಬೇಕೆಂದು ಭರ್ತೃಹರಿಯು ಹೇಳಿದ ನ್ಯಾಯವು ಚಿತ್ರಾರ್ಥಕ್ಕೂ ಸಲ್ಲುವುದು.

ಕಡೆಗೆ ಒಂದು ವಿಜ್ಞಾಪನೆ. ಬಾಗಲಕೋಟೆಯ ಕಡೆಯ ಒಂದು ಗ್ರಂಥಭಂಡಾರದಲ್ಲಿ ಹಳೆಯ ಪತ್ರಿಕೆಗಳ ಸಂಪುಟಗಳನ್ನು ನೋಡಲು ಹೋಗಿದ್ದೆನು. ರಟ್ಟು ಕಟ್ಟುವಾಗ ಮುಖಪುಟಗಳನ್ನೆಲ್ಲ ಕಿತ್ತು ತೆಗೆದಿದ್ದರು; ಪುಟಸಂಖ್ಯೆಯಿಲ್ಲದ ಹಾಳೆಗಳು ವ್ಯರ್ಥವೆಂಬುದು ಅವರ ಭಾವನೆ. ಹತ್ತು ವರ್ಷಗಳ ಲೇಖನಗಳು ಉಳಿದಿದ್ದವು. ಆ ಹತ್ತು ವರ್ಷಗಳ ಮುಖವು ಉಳಿದಿರಲಿಲ್ಲ. ಶಾಸನದ ಅಕ್ಷರಗಳನ್ನು ಮಾತ್ರ ಪ್ರತಿಮಾಡಿಕೊಂಡು ಶಿರೋಭಾಗವನ್ನು ಬಿಡುವವರೂ ಮಾಡುವುದು ಇದೇ ತಪ್ಪನ್ನು. ಗ್ರಂಥಪಾಲಕರು ಹೊದಿಕೆಯ ಹಾಳೆಗಳೊಡನೆಯೇ ಸಂಪುಟಗಳನ್ನು ಕಟ್ಟಿಸಲಿ. ಅಧ್ಯಾಪಕರು ಲೇಖನದೊಂದಿಗೆ ಅದರ ಮುಖಪುಟವನ್ನೂ ವಿದ್ಯಾರ್ಥಿಗಳಿಂದ ಓದಿಸಲಿ. ಮಂಗಲಶ್ಲೋಕವನ್ನು ಕಳೆದುಕೊಂಡ ಗ್ರಂಥವನ್ನು ನಾವು ಖಂಡಿತಪ್ರತಿಯೆನ್ನುವೆವು. ಮುಖಪುಟವಿಲ್ಲದ ಸಂಪುಟಕ್ಕೂ ಅದೇ ಹೆಸರು ಸಲ್ಲತಕ್ಕದ್ದು.