ಟ್ರೇಲರಿನ ಹಿಂಬದಿ ದೀಪ ಉರಿಯದಿದ್ದರೆ

ಭತ್ತದ ಕೊಯ್ಲಿನ ಕಾಲದಲ್ಲಿ ಹಚ್ಚೊಳ್ಳಿಯಿಂದ ಸಿರುಗುಪ್ಪದ ಕಡೆಗೆ ರಾತ್ರಿಯೂ ಚೀಲ ತುಂಬಿದ ಟ್ರೇಲರುಗಳು ಸಾಗುತ್ತವೆ. ಹಿಂಬದಿ ದೀಪವಿಲ್ಲದ ಟ್ರೇಲರು ಹಿಂದೆ ಬರುವ ಮೋಟಾರ್ ಸೈಕಲ್ ಸವಾರನಿಗೆ ತೀರ ಹತ್ತಿರವಾಗುವವರೆಗೂ ಕಾಣುವುದಿಲ್ಲ.

ದೀಪ ಕೆಟ್ಟರೆ ಎಲ್ಲರೂ ಮೊದಲು ಬಲ್ಬು ಬದಲಾಯಿಸುತ್ತಾರೆ. ಆದರೆ ದೋಷ ಅನೇಕ ವೇಳೆ ಅರ್ತಿಂಗಿನಲ್ಲಿರುತ್ತದೆ. ಪ್ರತ್ಯೇಕ ಅರ್ತ್ ತಂತಿಯಿಲ್ಲದ ಟ್ರೇಲರಿನಲ್ಲಿ ವಿದ್ಯುತ್ತು ಕೊಂಡಿಯ ಪಿನ್ನಿನ ಮೂಲಕವೇ ಹಿಂದಿರುಗಬೇಕು. ಅಲ್ಲಿ ತುಕ್ಕು, ಕೆಸರು ಕೂತರೆ ದೀಪ ಮಂದವಾಗುತ್ತದೆ, ಕುಲುಕಿದಾಗ ಮಿನುಗುತ್ತದೆ. ಒಂದು ತಂತಿಯ ತುದಿಯನ್ನು ಟ್ರ್ಯಾಕ್ಟರಿನ ಬಣ್ಣ ಕೆರೆದ ಕಬ್ಬಿಣಕ್ಕೂ ಇನ್ನೊಂದನ್ನು ಬಲ್ಬಿನ ಹೋಲ್ಡರಿನ ಹೊರಕವಚಕ್ಕೂ ತಾಗಿಸಿರಿ. ಬೆಳಕು ಚುರುಕಾದರೆ ಅಲ್ಲಿಗೆ ಕಾಯಂ ಅರ್ತ್ ತಂತಿ ಹಾಕಿಸಿರಿ.

ಟ್ರ್ಯಾಕ್ಟರಿನ ದೀಪವೂ ಮಂದವಾಗಿದ್ದರೆ ಬ್ಯಾಟರಿ ನೋಡಬೇಕು. 12 ವೋಲ್ಟಿನ ಬ್ಯಾಟರಿ ಪೂರ್ಣ ಚಾರ್ಜಾಗಿ ಕೆಲವು ಗಂಟೆ ಸುಮ್ಮನಿದ್ದಾಗ ಸುಮಾರು 12.6 ವೋಲ್ಟು ತೋರಿಸಬೇಕು. ನೀರು ತಟ್ಟೆಗಳಿಗಿಂತ ಸುಮಾರು 1 ಸೆಂ.ಮೀ. ಮೇಲಿರಲಿ. ಭಟ್ಟಿ ಇಳಿಸಿದ ನೀರನ್ನೇ ಹಾಕಿರಿ. ಕಾಲುವೆ, ಬೋರಿನ ನೀರಿನ ಲವಣ ತಟ್ಟೆಗಳನ್ನು ಕೆಡಿಸುತ್ತದೆ. ಬಿಚ್ಚುವಾಗ ಅರ್ತ್ ತಂತಿ ಮೊದಲು, ಜೋಡಿಸುವಾಗ ಕೊನೆಗೆ. ಚಾರ್ಜಾಗುವಾಗ ಹೊರಬರುವ ಹೈಡ್ರೋಜನ್ ಹೊತ್ತಿಕೊಳ್ಳುವ ಅನಿಲ, ಬೀಡಿ ದೂರವಿರಲಿ.

ದುರಸ್ತಿ ಮಾಡಿಸಿದ ಮೇಲೂ ಹಿಂಬದಿಗೆ ಕೆಂಪು ರಿಫ್ಲೆಕ್ಟರ್ ಅಂಟಿಸಿರಿ. ಅದಕ್ಕೆ ತಂತಿಯೂ ಬೇಡ, ಬ್ಯಾಟರಿಯೂ ಬೇಡ.