ಊರು ಕದಲಲಿಲ್ಲ, ಮೂರು ರಾಜ್ಯ ಕಂಡಿತು!

ಬೆಳಿಗ್ಗೆ ಆರಕ್ಕೇ ಫೋನು. ಆ ಕಡೆ ಝಹೀರಾಬಾದಿನ ಕಾಕಾ. "ತಮ್ಮಾ, ಹದಿನೇಳನೇದು ಸಿಕ್ತೇನು?" ನಮಸ್ಕಾರವಿಲ್ಲ, 'ಆರಾಮ ಇದ್ದೀ?' ಎಂಬ ಮಾತೂ ಇಲ್ಲ. "ಇಲ್ರಿ ಕಾಕಾ" ಎಂದೆ. "ರಾತ್ರಿ ಎಲ್ಲಾ ನಿದ್ದಿ ಇಲ್ಲ ನೋಡು" ಎಂದು ಫೋನಿಟ್ಟರು.

ಕಾಕಾ ನನ್ನ ಸಂಬಂಧಿಕರೇನಲ್ಲ. ಇಪ್ಪತ್ತು ರೂಪಾಯಿಯ ಒಂದು ಝೆರಾಕ್ಸ್ ಹಾಳೆ ನಮ್ಮನ್ನು ಗಂಟು ಹಾಕಿದೆ. ಹಾಳೆಯಲ್ಲಿ ನಲವತ್ತು ಪ್ರಶ್ನೆ, ಉತ್ತರಕ್ಕೆ ಒಂದು ತಿಂಗಳ ಗಡುವು. ಬಂದ ದುಡ್ಡಿನಲ್ಲಿ ಗಡಿಯಾಚೆಯ ಮಕ್ಕಳಿಗೆ ಕನ್ನಡ ಪುಸ್ತಕ. ಗೆದ್ದವರಿಗೂ ಒಂದು ಪುಸ್ತಕವೇ. ಅದನ್ನೂ ಅವರು ಮಕ್ಕಳಿಗೇ ಕೊಟ್ಟುಬಿಡುತ್ತಾರೆ. ಹಾಗಾದರೆ ಗೆದ್ದು ಏನು ಬಂತು ಅಂತೀರಾ? ಅದನ್ನು ಈ ಹುಚ್ಚು ಹಿಡಿದವರನ್ನೇ ಕೇಳಬೇಕು!

ಹುಚ್ಚು ಹೊಸದಲ್ಲ. 1913ರ ಡಿಸೆಂಬರ್ 21ರಂದು ಆರ್ಥರ್ ವಿನ್ ಎಂಬಾತ 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಮೊದಲ ಪದಬಂಧ ಅಚ್ಚು ಹಾಕಿಸಿದ. ಇಂಗ್ಲೆಂಡಿನಲ್ಲಿ ಇಂಥ ಪ್ರಶ್ನೆಹಾಳೆಗಳನ್ನು ಒಂದೆರಡು ಪೌಂಡಿಗೆ ಮಾರಿ ಧರ್ಮಕಾರ್ಯಕ್ಕೆ ಹಣ ಕೂಡಿಸುತ್ತಾರೆ. ಬೆಂಗಳೂರಿನಲ್ಲಿ 1983ರಲ್ಲೇ ಕರ್ನಾಟಕ ಕ್ವಿಜ್ ಅಸೋಸಿಯೇಷನ್ ಹುಟ್ಟಿತು. 2002ರಲ್ಲಿ ಚಂದನದಲ್ಲಿ ಶುರುವಾದ ಡಾ. ನಾ. ಸೋಮೇಶ್ವರರ 'ಥಟ್ ಅಂತ ಹೇಳಿ' ಸರಿ ಉತ್ತರಕ್ಕೆ ಪುಸ್ತಕ ಕೊಡುವ ರೂಢಿಯನ್ನು ಮನೆಮನೆಗೆ ಮುಟ್ಟಿಸಿತು. ನಮ್ಮ ಕಡೆ ಹಿರಿಯರು ಒಗಟು ಒಡೆಯುತ್ತ ಕೂತದ್ದೂ ಇದೇ ಚಟವಲ್ಲದೆ ಮತ್ತೇನು?

ಈಗ ಆ ಹದಿನೇಳನೇ ಪ್ರಶ್ನೆಗೆ ಬರೋಣ: 'ಊರು ಕದಲಲಿಲ್ಲ. ಮೂರು ರಾಜ್ಯ, ಮೂರು ಜಿಲ್ಲೆ ಕಂಡಿತು. ಅದರ ತಾಲೂಕು ಹೊರಡುವಾಗ ಒಂದು ಸರ್ಕಲನ್ನು ತವರಲ್ಲೇ ಬಿಟ್ಟಿತು. ಯಾವ ಊರು?'

ಭಾನುವಾರ ಬೀದರಿನಿಂದ ಬಸ್ಸು ಹತ್ತಿ ಕಾಕಾ ಮನೆಗೆ ಹೋದೆ. ನಾರಾಯಣಖೇಡದ ಮಾಸ್ತರರು ಆಗಲೇ ಬಂದು ಕೂತಿದ್ದರು. ಚಹಾ ಬಂತು. ಮೂರು ರಾಜ್ಯ ಯಾವುವು ಎಂಬುದರಲ್ಲಿ ತಕರಾರಿರಲಿಲ್ಲ. 1956ರ ತನಕ ಹೈದರಾಬಾದ್, ಆಮೇಲೆ ಆಂಧ್ರಪ್ರದೇಶ, 2014ರಿಂದ ತೆಲಂಗಾಣ. ಆದರೆ ಊರು?

"ತಾಂಡೂರೇ ಇರಬೇಕು" ಎಂದೆ. ತಾಂಡೂರಿನ ಗೆಳೆಯನಿಗೆ ಫೋನು ಹಚ್ಚಿದೆವು. ಅಲ್ಲಿ ಪರಸಿಕಲ್ಲಿನ ಮಷೀನಿನ ಸದ್ದು. ಅದರ ನಡುವೆಯೇ ಆತ ಕೂಗಿದ: "ನಮ್ಮದು ನಾಕು ಜಿಲ್ಲಾ ಆಗ್ತಾವಲ್ರಿ! ಮೊದಲ ಗುಲ್ಬರ್ಗಾ, 56ರಾಗ ಹೈದರಾಬಾದ್, 78ರಾಗ ರಂಗಾರೆಡ್ಡಿ, 2016ರಾಗ ವಿಕಾರಾಬಾದ್." ತಾಂಡೂರು ಬಿತ್ತು.

ಉಳಿದದ್ದು ಎರಡು. ಝಹೀರಾಬಾದ್, ನಾರಾಯಣಖೇಡ ಎರಡೂ ಬೀದರ್ ಜಿಲ್ಲೆಯಲ್ಲಿದ್ದವು, ಮೆದಕಿಗೆ ಹೋದವು, 2016ರಲ್ಲಿ ಸಂಗಾರೆಡ್ಡಿಗೆ ಸೇರಿದವು. ಮಾಸ್ತರರು ತಮ್ಮ ಊರಿನ ಪರ, ಕಾಕಾ ತಮ್ಮ ಊರಿನ ಪರ. ದನಿ ಏರಿತು. ಒಳಗಿನಿಂದ ಕಾಕೂ ಅವರು "ಜಗಳಾ ಆಡ್ಲತ್ತೀರೋ, ಆಟ ಆಡ್ಲತ್ತೀರೋ?" ಎಂದು ಕೇಳಿದರು.

ಆಗ ಕಾಕಾರ ಮೊಮ್ಮಗ ಮೊಬೈಲು ಹಿಡಿದು ಬಂದ. ತೆಲುಗು ಶಾಲೆ ಹುಡುಗ. ಕನ್ನಡ ಮಾತು ಬರುತ್ತದೆ, ಓದು ಅಷ್ಟಕ್ಕಷ್ಟೆ. 1956ರ ರಾಜ್ಯ ಪುನರ್ವಿಂಗಡಣಾ ಕಾಯ್ದೆಯನ್ನೇ ತೆಗೆದಿದ್ದ. ಆಂಧ್ರಕ್ಕೆ ಹೋದ ಪಟ್ಟಿ ಓದಿದ: ನಾರಾಯಣಖೇಡ ತಾಲೂಕು, ಬೀದರ್ ತಾಲೂಕಿನ ನ್ಯಾಲಕಲ್ ಸರ್ಕಲ್, ಮತ್ತೆ ಝಹೀರಾಬಾದ್ ತಾಲೂಕು, ಆದರೆ 'ನಿರ್ಣಾ ಸರ್ಕಲ್ ಬಿಟ್ಟು'.

ಮಾಸ್ತರರು ಸೋಲೊಪ್ಪಿ ಚಪ್ಪಾಳೆ ತಟ್ಟಿದರು. ಕಾಕಾ ಮಾತ್ರ ಸುಮ್ಮನೆ ಕೂತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಹೇಳಿದರು: "ನಿರ್ಣಾ ನಮ್ಮಕ್ಕನ್ನ ಕೊಟ್ಟ ಊರು. ನಾ ಸಣ್ಣಾಂವ ಇದ್ದಾಗ ಅಕ್ಕಂದೂ ನಮ್ದೂ ಒಂದೇ ತಾಲೂಕು. ಆಮ್ಯಾಲ ಆಕಿ ಮೈಸೂರು ರಾಜ್ಯದಾಕಿ ಆದ್ಲು, ನಾ ಆಂಧ್ರದಾಂವ ಆದೆ. ಆಕಿ ಬರೆದ ಕಾಗದ ಪೆಟ್ಟಿಗ್ಯಾಗ ಇನ್ನೂ ಅವ. ಉತ್ತರ ಮನ್ಯಾಗೇ ಇತ್ತು, ನಂಗ ಹೊಳೀಲಿಲ್ಲ ನೋಡು."

ಮೊಮ್ಮಗ ಮೊಬೈಲು ಬದಿಗಿಟ್ಟ. "ತೋರ್ಸು ಮುತ್ಯಾ" ಎಂದ. ಪೆಟ್ಟಿಗೆ ತೆರೆಯಿತು. ತೆಲುಗು ಬಲ್ಲವನಿಗೆ ಕನ್ನಡದ ಅಕ್ಷರ ತೀರ ಹೊಸದಲ್ಲ. ತಲೆಕಟ್ಟಿನಲ್ಲಿ ಎಡವುತ್ತ, ಮುತ್ಯಾ ತಿದ್ದುತ್ತ, ಹುಡುಗ ಒಂದು ಕಾಗದ ಪೂರಾ ಓದಿದ. ಏನಿತ್ತೆಂದು ನಾನು ಬರೆಯುವುದಿಲ್ಲ. ಅದು ಅಕ್ಕ ತಮ್ಮನ ಮಾತು.

ಬರುವ ತಿಂಗಳ ಹಾಳೆಯನ್ನು ಹುಡುಗನೇ ಓದಿ ಹೇಳುತ್ತಾನಂತೆ. ಮುತ್ಯಾನ ಕಣ್ಣು ಮಸುಕಾಗಿದೆ ಎಂಬುದು ನೆಪ. ಇಪ್ಪತ್ತು ರೂಪಾಯಿಗೆ ಇಷ್ಟಾದರೆ ಇನ್ನೇನು ಬೇಕು?

ನಿಮಗೂ ಒಂದು ಬಿಡುತ್ತೇನೆ, ನಿದ್ದೆ ಕೆಟ್ಟರೆ ನನ್ನನ್ನು ಬೈಯಬೇಡಿ: 'ನೆಲದಾಗ ಹುಟ್ಟಿ ನೆಲದ ಮ್ಯಾಲ ಮಲಗ್ಯಾದ. ಮನೆಮಂದಿಯೆಲ್ಲ ತುಳಿದ್ರೂ ಮಾತಿಲ್ಲ.' ತಾಂಡೂರಿನವರು ಮಾತ್ರ ಉತ್ತರ ಹೇಳಬಾರದು!